ಹನೋಯಿ ಟ್ಯಾಕ್ಸಿ: ಡೇಟನ್ ವಸ್ತುಸಂಗ್ರಹಾಲಯದ ಸಿ-141 ಸಾಗಣೆ ವಿಮಾನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ವಿಮಾನ? ಎಲ್ಲಿದೆ?

ಅಮೆರಿಕದ ಓಹಾಯೊ ರಾಜ್ಯದ ಡೇಟನ್ ನಗರಕ್ಕೆ ಹೊಂದಿಕೊಂಡಿರುವ ರೈಟ್-ಪ್ಯಾಟರ್ಸನ್ ವಾಯುನೆಲೆಯಲ್ಲಿ ಅಮೆರಿಕ ವಾಯುಪಡೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಅದರ ನಾಲ್ಕನೆಯ ಕಟ್ಟಡದಲ್ಲಿ ನಿಲ್ಲಿಸಿರುವ ಲಾಕ್‌ಹೀಡ್ ಸಿ-141 ಸ್ಟಾರ್‌ಲಿಫ್ಟರ್ ವಿಮಾನವೇ ‘ಹನೋಯಿ ಟ್ಯಾಕ್ಸಿ’. ಇದರ ಕ್ರಮಸಂಖ್ಯೆ 66-0177. ಮೊದಲಿನ ‘66’ ಎಂಬುದು ವಿಮಾನಕ್ಕೆ ಹಣ ಮಂಜೂರಾದ ಆರ್ಥಿಕ ವರ್ಷವನ್ನು ಹೇಳುತ್ತದೆಯೇ ಹೊರತು ಅದು ಹಾರಲು ತೊಡಗಿದ ವರ್ಷವನ್ನಲ್ಲ. ಬಾಲದ ಮೇಲೆ ಬರೆಯುವಾಗ ದಶಕದ ಅಂಕಿಯನ್ನು ಬಿಟ್ಟು ‘60177’ ಎಂದಷ್ಟೇ ಬರೆಯುವ ರೂಢಿ ಇದ್ದುದರಿಂದ, ಹಳೆಯ ಚಿತ್ರಗಳಲ್ಲಿ ಈ ವಿಮಾನವನ್ನು ಹುಡುಕುವವರು ಆ ಐದು ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಇದು ಯುದ್ಧವಿಮಾನವಲ್ಲ, ಬಾಂಬು ಹಾಕುವ ವಿಮಾನವೂ ಅಲ್ಲ. ಸೈನಿಕರನ್ನು, ಸರಕನ್ನು, ಗಾಯಾಳುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತೊಯ್ಯುವುದಷ್ಟೇ ಇದರ ಕೆಲಸವಾಗಿತ್ತು. ಇದೇ ಬಗೆಯ 285 ವಿಮಾನಗಳು ಜಾರ್ಜಿಯಾ ರಾಜ್ಯದ ಮೇರಿಯೆಟ್ಟಾದಲ್ಲಿರುವ ಕಾರ್ಖಾನೆಯಲ್ಲಿ ತಯಾರಾದವು. ಅವುಗಳ ನಡುವೆ ಇದೊಂದನ್ನು ಸೂರಿನಡಿ ಇಟ್ಟು ಕಾಪಾಡಿರುವುದಕ್ಕೆ ಕಾರಣ ಯಂತ್ರದ ಹೆಚ್ಚುಗಾರಿಕೆ ಅಲ್ಲ. 1973ರ ಒಂದು ದಿನ ಈ ವಿಮಾನದ ಪಾಲಿಗೆ ಬಂದ ಕೆಲಸ.

‘ಹನೋಯಿ ಟ್ಯಾಕ್ಸಿ’ ಎಂಬ ಹೆಸರು ಹೇಗೆ ಬಂತು?

ಹೆಸರಿಟ್ಟವರು ಪ್ರಯಾಣಿಕರು. ಉತ್ತರ ವಿಯೆಟ್ನಾಂನ ಸೆರೆಯಿಂದ ಬಿಡುಗಡೆಯಾಗಿ ಈ ವಿಮಾನವನ್ನೇರಿದ ಅಮೆರಿಕದ ಯುದ್ಧಕೈದಿಗಳಲ್ಲಿ ಕೆಲವರು, ಹನೋಯಿಯಿಂದ ಹೊರಟ ದಾರಿಯಲ್ಲಿ, ಕಾಕ್‌ಪಿಟ್‌ನಲ್ಲಿ ಫ್ಲೈಟ್ ಎಂಜಿನಿಯರ್ ಕೂರುವ ಜಾಗದ ಉಪಕರಣ ಫಲಕದ ಮೇಲೆ ಆ ಎರಡು ಪದಗಳನ್ನು ಕೈಯಾರೆ ಗೀಚಿದರು. ಫ್ಲೈಟ್ ಎಂಜಿನಿಯರ್ ಎಂದರೆ ಎಂಜಿನ್, ಇಂಧನ, ವಿದ್ಯುತ್ತು, ಗಾಳಿಯ ಒತ್ತಡ ಇವುಗಳ ಮೇಲೆ ಪ್ರಯಾಣದುದ್ದಕ್ಕೂ ಕಣ್ಣಿಟ್ಟಿರುವ ಸಿಬ್ಬಂದಿ. ಸಹಪೈಲಟ್‌ನ ಹಿಂದೆ, ಪಕ್ಕದ ಗೋಡೆಗೆ ಮುಖಮಾಡಿ ಅವರು ಕೂರುತ್ತಿದ್ದರು. ಎದುರಿಗೆ ಸಾಲುಸಾಲು ಮುಳ್ಳಿನ ಮಾಪಕಗಳು, ಸ್ವಿಚ್ಚುಗಳು. ಅವುಗಳ ನಡುವೆ ಈ ಬರಹ.

ಈ ಹೆಸರಿನ ಹಿಂದೆ ಇನ್ನೊಂದು ಹೆಸರಿದೆ. ಹನೋಯಿಯ ಹೋವಾ ಲೋ ಸೆರೆಮನೆಯನ್ನು ಅಲ್ಲಿದ್ದ ಕೈದಿಗಳು ‘ಹನೋಯಿ ಹಿಲ್ಟನ್’ ಎಂದು ಕರೆಯುತ್ತಿದ್ದರು. ಕತ್ತಲೆಕೋಣೆಗೆ ಪಂಚತಾರಾ ಹೋಟೆಲಿನ ಹೆಸರಿಟ್ಟು ನಕ್ಕವರು, ಅಲ್ಲಿಂದ ಕರೆದೊಯ್ಯಲು ಬಂದ ವಾಹನವನ್ನು ಟ್ಯಾಕ್ಸಿ ಎಂದದ್ದರಲ್ಲಿ ಆಶ್ಚರ್ಯವಿಲ್ಲ. ಸೇನೆಯ ದಾಖಲೆಯಲ್ಲಿ ಈ ವಿಮಾನಗಳಿಗೆಲ್ಲ ‘ಸ್ಟಾರ್‌ಲಿಫ್ಟರ್’ ಎಂಬ ಗಂಭೀರವಾದ ಹೆಸರಿದ್ದರೂ ಇದೊಂದಕ್ಕೆ ಜನರ ನಾಲಿಗೆಯಲ್ಲಿ ನಿಂತದ್ದು ಈ ಗೀಚುಬರಹವೇ.

1973ರ ಫೆಬ್ರುವರಿ 12ರಂದು ನಿಜಕ್ಕೂ ಆದದ್ದೇನು?

ಪ್ಯಾರಿಸ್ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು 1973ರ ಜನವರಿ 27ರಂದು. ಅದರ ಪ್ರಕಾರ ಅಮೆರಿಕದ ಸೇನೆ 60 ದಿನಗಳೊಳಗೆ ದಕ್ಷಿಣ ವಿಯೆಟ್ನಾಂನಿಂದ ಹೊರಹೋಗಬೇಕಿತ್ತು, ಮತ್ತು ಅದೇ ಅವಧಿಯಲ್ಲಿ ಸೆರೆಯಾಳುಗಳ ಬಿಡುಗಡೆಯೂ ಮುಗಿಯಬೇಕಿತ್ತು. ಅಮೆರಿಕದ ಕಡೆಯವರು ಈ ಕಾರ್ಯಾಚರಣೆಯನ್ನು ‘ಆಪರೇಷನ್ ಹೋಮ್‌ಕಮಿಂಗ್’ ಎಂದು ಕರೆದರು.

ಫೆಬ್ರುವರಿ 12ರಂದು ಹನೋಯಿಯ ಜಿಯಾ ಲಾಮ್ ವಿಮಾನ ನಿಲ್ದಾಣಕ್ಕೆ ಮೊದಲು ನೆರವಿನ ತಂಡವನ್ನು ಹೊತ್ತ ಒಂದು ಸಿ-130 ಸಾಗಣೆ ವಿಮಾನ ಇಳಿಯಿತು; ಅದರ ಬೆನ್ನಿಗೆ ಸಿ-141ಗಳು ಬಂದವು. ಸೆರೆಯಾಳುಗಳನ್ನು ಒಪ್ಪಿಸುವ ಪದ್ಧತಿ ಸರಳವಾಗಿತ್ತು. ವಿಯೆಟ್ನಾಮೀ ಅಧಿಕಾರಿಯೊಬ್ಬರು ಪಟ್ಟಿಯಿಂದ ಒಂದೊಂದೇ ಹೆಸರನ್ನು ಓದುತ್ತಿದ್ದರು, ಹೆಸರು ಕೇಳಿದವರು ಮುಂದೆ ಬರುತ್ತಿದ್ದರು, ಅಮೆರಿಕದ ಅಧಿಕಾರಿ ಅವರನ್ನು ಎದುರುಗೊಂಡು ವಿಮಾನದವರೆಗೆ ಜೊತೆಯಲ್ಲಿ ನಡೆಸಿಕೊಂಡು ಹೋಗುತ್ತಿದ್ದರು. ಹಾಗೆ ತುಂಬಿಕೊಂಡು ಮೊದಲು ಮೇಲೇರಿದ ವಿಮಾನ ಈ 60177. ಅದರೊಳಗೆ 40 ಜನರಿದ್ದರು. ಅದೇ ದಿನ ಮೂರು ವಿಮಾನಗಳಲ್ಲಿ ಒಟ್ಟು 116 ಜನ ಹನೋಯಿಯಿಂದ ಫಿಲಿಪ್ಪೀನ್ಸಿನ ಕ್ಲಾರ್ಕ್ ವಾಯುನೆಲೆಗೆ ತಲುಪಿದರು.

ಹನೋಯಿಯ ನೆಲದಿಂದ ಗಾಲಿಗಳು ಮೇಲೆದ್ದ ಗಳಿಗೆಯಲ್ಲಿ ಸಿ-141ರೊಳಗೆ ತೆಗೆದ ಚಿತ್ರ ಜಗತ್ಪ್ರಸಿದ್ಧವಾಗಿದೆ: ಸೀಟಿನಲ್ಲಿ ಕೂತವರು ಕೈಯೆತ್ತಿ, ಬಾಯ್ದೆರೆದು ಕೂಗುತ್ತಿದ್ದಾರೆ. ಅಲ್ಲಿಯವರೆಗೆ ಅವರಲ್ಲಿ ಹಲವರು ಮುಖದಲ್ಲಿ ಏನನ್ನೂ ತೋರಗೊಟ್ಟಿರಲಿಲ್ಲ. ಬಿಡುಗಡೆಯ ಮಾತನ್ನು ಕೇಳಿಯೂ, ವಿಮಾನವನ್ನು ಕಣ್ಣಾರೆ ಕಂಡೂ, ಗಾಲಿ ನೆಲ ಬಿಡುವ ತನಕ ನಂಬುವುದು ಬೇಡ ಎಂಬ ಲೆಕ್ಕ ಅವರದಾಗಿತ್ತು.

ಎಲ್ಲ ಕೈದಿಗಳೂ ಇದೇ ವಿಮಾನದಲ್ಲಿ ಬಂದರೇ?

ಇಲ್ಲ. ಸಿ-141ಗಳು ಹಲವು ಸುತ್ತು ಹಾರಿ ಈ ಕೆಲಸವನ್ನು ಮುಗಿಸಿದವು. ಹನೋಯಿ ಟ್ಯಾಕ್ಸಿ ಹನೋಯಿಗೆ ಹೋಗಿಬಂದದ್ದು ಎರಡು ಸಲ. ಆ ಎರಡು ಪ್ರಯಾಣಗಳಲ್ಲಿ 78 ಯುದ್ಧಕೈದಿಗಳನ್ನೂ ಇಬ್ಬರು ನಾಗರಿಕರನ್ನೂ ಕರೆತಂದಿತು. ಆಪರೇಷನ್ ಹೋಮ್‌ಕಮಿಂಗ್ ಮುಗಿಯುವ ಹೊತ್ತಿಗೆ ಹಿಂತಿರುಗಿದವರ ಒಟ್ಟು ಸಂಖ್ಯೆ 591. ಅವರಲ್ಲಿ 325 ಜನ ವಾಯುಪಡೆಯವರು, 138 ಜನ ನೌಕಾಪಡೆಯವರು, 77 ಜನ ಭೂಸೇನೆಯವರು, 26 ಜನ ಮರೀನ್ ದಳದವರು, ಉಳಿದ 25 ಜನ ನಾಗರಿಕರು. ವಾಯುಪಡೆ ಮತ್ತು ನೌಕಾಪಡೆಯವರೇ ಹೆಚ್ಚಾಗಿರಲು ಕಾರಣ ಸ್ಪಷ್ಟ: ಉತ್ತರ ವಿಯೆಟ್ನಾಂನಲ್ಲಿ ಸೆರೆಸಿಕ್ಕವರಲ್ಲಿ ಬಹುಪಾಲು ಜನ ಹೊಡೆದುರುಳಿಸಲಾದ ವಿಮಾನಗಳ ಪೈಲಟ್‌ಗಳು ಮತ್ತು ಸಿಬ್ಬಂದಿ.

ಯಾರನ್ನು ಮೊದಲು ಬಿಡಬೇಕು ಎಂಬುದು ಹೇಗೆ ನಿರ್ಧಾರವಾಯಿತು?

ಮೊದಲು ಸೆರೆಯಾದವರು ಮೊದಲು ಬಿಡುಗಡೆ, ಜೊತೆಗೆ ಕಾಯಿಲೆಯವರು ಮತ್ತು ಗಾಯಗೊಂಡವರು. ಕೈದಿಗಳು ತಮ್ಮೊಳಗೆ ಮೊದಲಿನಿಂದಲೂ ಪಾಲಿಸಿಕೊಂಡು ಬಂದ ನಿಯಮವೂ ಇದೇ ಆಗಿತ್ತು. ಹಾಗಾಗಿ ಮೊದಲ ದಿನದವರಲ್ಲಿ 1964ರ ಆಗಸ್ಟ್ 5ರಂದು ಸೆರೆಸಿಕ್ಕ ನೌಕಾಪಡೆಯ ಪೈಲಟ್ ಎವರೆಟ್ ಆಲ್ವರೆಜ್ ಇದ್ದರು. ಅವರು ಎಂಟೂವರೆ ವರ್ಷ ಸೆರೆಯಲ್ಲಿ ಕಳೆದಿದ್ದರು. ಕ್ಲಾರ್ಕ್ ನೆಲೆಯಲ್ಲಿ ಮೊದಲ ವಿಮಾನದಿಂದಿಳಿದು ಎಲ್ಲರ ಪರವಾಗಿ ಮಾತನಾಡಿದವರು ನೌಕಾಪಡೆಯ ಜೆರೆಮೈಯ ಡೆಂಟನ್. ಅವರು ಮುಂದೆ ಅಲಬಾಮಾ ರಾಜ್ಯದಿಂದ ಸೆನೆಟ್‌ಗೆ ಆಯ್ಕೆಯಾದರು.

1973ರ ಚಿತ್ರಗಳಲ್ಲಿ ವಿಮಾನ ಗಿಡ್ಡಗಿದೆ, ಇಲ್ಲಿರುವುದು ಉದ್ದವಾಗಿದೆ. ಇದು ಅದೇ ವಿಮಾನವೇ?

ಅದೇ ವಿಮಾನ. ಆದರೆ ನಿಮ್ಮ ಕಣ್ಣು ಮೋಸಹೋಗಿಲ್ಲ. ಕೈದಿಗಳು ಹತ್ತಿದ ವಿಮಾನಕ್ಕಿಂತ ಈಗ ನೀವು ನೋಡುತ್ತಿರುವ ವಿಮಾನ ಸುಮಾರು 7.1 ಮೀಟರ್ ಹೆಚ್ಚು ಉದ್ದವಿದೆ. ಈ ಪುಟದ ಪ್ರಶ್ನೆಗಳಲ್ಲೆಲ್ಲ ಇದೇ ಹೆಚ್ಚು ಸ್ವಾರಸ್ಯದ್ದು ಎಂದು ನನಗನಿಸುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸಿ-141 ಮೊದಲು ಹಾರಿದ್ದು 1963ರ ಡಿಸೆಂಬರ್ 17ರಂದು, ಅಂದರೆ ರೈಟ್ ಸಹೋದರರ ಮೊದಲ ಹಾರಾಟಕ್ಕೆ ಸರಿಯಾಗಿ 60 ವರ್ಷ ತುಂಬಿದ ದಿನ. ಸೇವೆಗೆ ಸೇರಿದ ಸ್ವಲ್ಪ ಕಾಲದಲ್ಲೇ ಅದರ ಒಂದು ಕೊರತೆ ಬೆಳಕಿಗೆ ಬಂತು. ಎಂಜಿನ್‌ಗಳಿಗೆ ಇನ್ನೂ ಭಾರ ಎತ್ತುವ ಕಸುವಿದ್ದಾಗಲೇ ಒಳಗಿನ ಜಾಗ ಮುಗಿದುಹೋಗುತ್ತಿತ್ತು. ಸೇನೆಯ ಸರಕಿನಲ್ಲಿ ಬಹುಪಾಲು ಮದ್ದುಗುಂಡಿನಷ್ಟು ತೂಕದ್ದಲ್ಲ. ಗುಡಾರ, ಪೆಟ್ಟಿಗೆ, ಜೀಪು, ಬಿಡಿಭಾಗ ಹೀಗೆ ಜಾಗ ತಿನ್ನುವಂಥದ್ದೇ ಜಾಸ್ತಿ. ಹತ್ತಿಯ ಮೂಟೆ ಹೇರಿದ ಗಾಡಿಯಂತೆ, ಎತ್ತುಗಳಿಗೆ ಭಾರವೇ ಆಗದಿದ್ದರೂ ಗಾಡಿ ತುಂಬಿಹೋಗಿರುತ್ತಿತ್ತು.

ಹೊಸ ವಿಮಾನ ಕೊಳ್ಳುವುದಕ್ಕಿಂತ ಇದ್ದದ್ದನ್ನೇ ಉದ್ದ ಮಾಡುವುದು ಅಗ್ಗವೆಂದು ವಾಯುಪಡೆ ತೀರ್ಮಾನಿಸಿತು. ವಿಮಾನಗಳು ಒಂದೊಂದಾಗಿ ಮೇರಿಯೆಟ್ಟಾದ ಕಾರ್ಖಾನೆಗೆ ಮರಳಿದವು. ರೆಕ್ಕೆಯ ಮುಂದೆ ಒಂದು ಕಡೆ, ರೆಕ್ಕೆಯ ಹಿಂದೆ ಒಂದು ಕಡೆ ಒಡಲನ್ನು ಅಡ್ಡಲಾಗಿ ಬಿಡಿಸಿ, ಮುಂದೆ 13 ಅಡಿ 4 ಇಂಚಿನ, ಹಿಂದೆ 10 ಅಡಿಯ ಹೊಸ ಉರುಳೆಗಳನ್ನು ನಡುವೆ ಕೂರಿಸಿ ಮತ್ತೆ ಸೇರಿಸಲಾಯಿತು. ಎರಡು ಕಡೆ ಹಂಚಿ ಸೇರಿಸಿದ್ದೇಕೆಂದರೆ, ಒಂದೇ ಕಡೆ ಉದ್ದ ಮಾಡಿದ್ದರೆ ವಿಮಾನದ ತೂಕದ ಸಮತೋಲ ಕೆಡುತ್ತಿತ್ತು. ಹೀಗೆ ಬದಲಾದ ಮಾದರಿ ಪರೀಕ್ಷೆಗೆ ಹಾರಿದ್ದು 1977ರ ಮಾರ್ಚ್‌ನಲ್ಲಿ. 1982ರ ಹೊತ್ತಿಗೆ 270 ವಿಮಾನಗಳು ಉದ್ದವಾಗಿದ್ದವು. ಮೊದಲು 10 ಪ್ಯಾಲೆಟ್ (ಸರಕು ಜೋಡಿಸುವ ಲೋಹದ ಹಲಗೆ) ಹಿಡಿಸುತ್ತಿದ್ದಲ್ಲಿ ಈಗ 13 ಹಿಡಿಸುವಂತಾಯಿತು. ಅಷ್ಟೂ ವಿಮಾನಗಳಿಗೆ ಸೇರಿಸಿದ ಜಾಗವನ್ನು ಕೂಡಿಸಿದರೆ ಸುಮಾರು 90 ಹೊಸ ವಿಮಾನ ಕೊಂಡದ್ದಕ್ಕೆ ಸಮ ಎಂದು ಆಗ ಲೆಕ್ಕ ಹಾಕಿದ್ದರು.

ಹೀಗಾಗಿ ಕೆಲವು ಸಂದರ್ಶಕರು ‘ಹಾಗಾದರೆ ಇದು ಅಸಲಿ ಅಲ್ಲವಲ್ಲ’ ಎಂದು ನಿರಾಶರಾಗುವುದುಂಟು. ಆ ಮಾತನ್ನು ನಾನು ಒಪ್ಪುವುದಿಲ್ಲ. ವಿಮಾನ 1973ರ ಸಂಜೆ ಗಾಜಿನ ಪೆಟ್ಟಿಗೆಯೊಳಗೆ ಹೋಗಿ ಕೂರಲಿಲ್ಲ. ಇನ್ನೂ 33 ವರ್ಷ ದುಡಿಯಿತು. ದುಡಿಯುವ ಮನೆಗೆ ಕೋಣೆ ಸೇರಿಸುವಂತೆ ಅದಕ್ಕೂ ಸೇರಿಸಿದರು. ಅದನ್ನು ಕತ್ತರಿಸಿ ಮತ್ತೆ ಗಿಡ್ಡ ಮಾಡಿ ‘ಅಸಲಿ’ ರೂಪಕ್ಕೆ ತರಹೊರಟಿದ್ದರೆ ಅದೇ ನಿಜವಾದ ನಕಲಾಗುತ್ತಿತ್ತು.

ಕಾಕ್‌ಪಿಟ್‌ನ ಹಿಂದೆ, ಬೆನ್ನ ಮೇಲೆ ಕಾಣುವ ಉಬ್ಬು ಯಾವುದು?

ಅದು ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳುವ ಬಾಯಿ. ಉದ್ದ ಮಾಡುವ ಕೆಲಸದ ಜೊತೆಯಲ್ಲೇ ಇದನ್ನೂ ಜೋಡಿಸಲಾಯಿತು. ಇದರ ಅಗತ್ಯ ಮನದಟ್ಟಾದದ್ದು 1973ರ ಅಕ್ಟೋಬರ್‌ನಲ್ಲಿ, ಅಂದರೆ ಹನೋಯಿ ಪ್ರಯಾಣವಾದ ಎಂಟು ತಿಂಗಳಿಗೆ. ಅರಬ್-ಇಸ್ರೇಲ್ ಯುದ್ಧದ ಸಮಯದಲ್ಲಿ ಅಮೆರಿಕ ಇಸ್ರೇಲಿಗೆ ಯುದ್ಧಸಾಮಗ್ರಿ ಸಾಗಿಸುವಾಗ ಯುರೋಪಿನ ಬಹುತೇಕ ದೇಶಗಳು ತಮ್ಮ ನೆಲದಲ್ಲಿ ಇಳಿಯಲು ಅನುಮತಿ ಕೊಡಲಿಲ್ಲ. ಸಿ-141ಗಳು 400ಕ್ಕೂ ಹೆಚ್ಚು ಬಾರಿ ಹಾರಿದ ಆ ಕಾರ್ಯಾಚರಣೆ ಪೂರ್ತಿಯಾಗಿ ಪೋರ್ಚುಗಲ್‌ಗೆ ಸೇರಿದ ಅಜೋರ್ಸ್ ದ್ವೀಪಗಳ ಲಾಜೆಸ್ ನೆಲೆಯನ್ನು ನೆಚ್ಚಿಕೊಳ್ಳಬೇಕಾಯಿತು. ಆ ಒಂದು ಬಾಗಿಲೂ ಮುಚ್ಚಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಉತ್ತರವೇ ಈ ಉಬ್ಬು.

ಕೆಲವು ಕಡೆ ಸಿ-141ಎ, ಕೆಲವು ಕಡೆ ಬಿ, ಇಲ್ಲಿ ಸಿ-141ಸಿ ಎಂದಿದೆ. ಯಾವುದು ಸರಿ?

ಮೂರೂ ಸರಿ, ಕಾಲ ಬೇರೆ ಬೇರೆ. ಕಾರ್ಖಾನೆಯಿಂದ ಬಂದಾಗ ಇದು ಸಿ-141ಎ, ಉದ್ದವಾದ ಮೇಲೆ ಸಿ-141ಬಿ. 1990ರ ದಶಕದ ಕೊನೆಯ ಹೊತ್ತಿಗೆ ಉಳಿದಿದ್ದ ವಿಮಾನಗಳಲ್ಲಿ 63ಕ್ಕೆ ಕಾಕ್‌ಪಿಟ್‌ನ ಹಳೆಯ ಮುಳ್ಳಿನ ಮಾಪಕಗಳಲ್ಲಿ ಹಲವನ್ನು ತೆಗೆದು ಪರದೆಗಳನ್ನು ಅಳವಡಿಸಿದರು; ಅವು ಸಿ-141ಸಿ ಆದವು. ಹನೋಯಿ ಟ್ಯಾಕ್ಸಿ ಅವುಗಳಲ್ಲೊಂದು.

ಇದರ ಆಕಾರ ಪ್ರಯಾಣಿಕರ ವಿಮಾನದಂತೆ ಏಕಿಲ್ಲ?

ಎಲ್ಲವೂ ಸರಕು ಹತ್ತಿಸುವ ಅನುಕೂಲಕ್ಕಾಗಿ. ಪ್ರಯಾಣಿಕರ ವಿಮಾನದಲ್ಲಿ ರೆಕ್ಕೆ ಒಡಲಿನ ಕೆಳಗಿದ್ದು, ಬಾಗಿಲು ನೆಲದಿಂದ ಬಹಳ ಎತ್ತರದಲ್ಲಿರುತ್ತದೆ. ಇಲ್ಲಿ ರೆಕ್ಕೆಯನ್ನು ಒಡಲಿನ ನೆತ್ತಿಗೆ ಜೋಡಿಸಿದ್ದಾರೆ. ಎಂಜಿನ್‌ಗಳೂ ಎತ್ತರದಲ್ಲಿ ತೂಗುತ್ತವೆ, ಹೊಟ್ಟೆ ನೆಲಕ್ಕೆ ಹತ್ತಿರ ಬರುತ್ತದೆ. ಗಾಲಿಗಳು ಮಡಚಿಕೊಳ್ಳಲು ಒಳಗಿನ ಜಾಗವನ್ನು ಕಬಳಿಸಬಾರದೆಂದು ಅವುಗಳನ್ನು ಎರಡೂ ಪಕ್ಕೆಗಳಲ್ಲಿ ಉಬ್ಬಿದ ಗೂಡುಗಳೊಳಗೆ ಇಟ್ಟಿದ್ದಾರೆ. ಹೀಗಾಗಿ ಸರಕಿನ ನೆಲ ಲಾರಿಯ ತಳಹಲಗೆಯ ಮಟ್ಟಕ್ಕೆ ಬರುತ್ತದೆ; ಲಾರಿ ಹಿಮ್ಮುಖವಾಗಿ ಬಂದು ನಿಂತರೆ ಸರಕನ್ನು ನೇರವಾಗಿ ಒಳಗೆ ತಳ್ಳಬಹುದು.

ಹಿಂಭಾಗದ ಎರಡು ದೊಡ್ಡ ಬಾಗಿಲುಗಳು ಹೂವಿನ ಎಸಳುಗಳಂತೆ ಎರಡೂ ಬದಿಗೆ ತೆರೆದುಕೊಳ್ಳುತ್ತವೆ. ಆ ತೆರಪಿನ ಮೇಲೆ ಏನೂ ಅಡ್ಡ ಬಾರದಂತೆ ಬಾಲದ ಅಡ್ಡರೆಕ್ಕೆಯನ್ನು ಕಂಬದ ತುದಿಗೇರಿಸಿ ‘ಟಿ’ ಅಕ್ಷರದಂತೆ ಮಾಡಿದ್ದಾರೆ. ಇದೇ ಬಗೆಯ ಮೈಕಟ್ಟನ್ನು ನಂತರದ ದೊಡ್ಡ ಸೇನಾ ಸಾಗಣೆ ವಿಮಾನಗಳಲ್ಲಿ ಮತ್ತೆ ಮತ್ತೆ ಕಾಣಬಹುದು. ಸಾಗಣೆ ವಿಮಾನವಾಗಿಯೇ ವಿನ್ಯಾಸಗೊಂಡ, ಜೆಟ್ ಎಂಜಿನ್‌ಗಳ ಮೊದಲ ಸೇನಾ ವಿಮಾನಗಳಲ್ಲಿ ಇದೂ ಒಂದು. ಅಂಟಾರ್ಕ್ಟಿಕಾದಲ್ಲಿ ಇಳಿದ ಮೊದಲ ಜೆಟ್ ವಿಮಾನವೂ ಒಂದು ಸಿ-141ವೇ, 1966ರ ನವೆಂಬರ್‌ನಲ್ಲಿ.

ಅಳತೆಗಳೇನು?

ಈಗಿನ ರೂಪದಲ್ಲಿ ಉದ್ದ ಸುಮಾರು 51.3 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 48.8 ಮೀಟರ್, ಬಾಲದ ಎತ್ತರ ಸುಮಾರು 12 ಮೀಟರ್. ನಾಲ್ಕು ಪ್ರ್ಯಾಟ್ ಅಂಡ್ ವಿಟ್ನಿ ಟಿಎಫ್33 ಟರ್ಬೊಫ್ಯಾನ್ ಎಂಜಿನ್‌ಗಳು. ಒಂದೊಂದರ ನೂಕುಬಲ ಸುಮಾರು 21,000 ಪೌಂಡ್. ವೇಗ ಗಂಟೆಗೆ ಸುಮಾರು 800 ಕಿಲೋಮೀಟರ್.

ಒಳಗೆ ಹೋಗಬಹುದೇ? ಹೋದರೆ ಏನನ್ನು ಗಮನಿಸಬೇಕು?

ಸರಕಿನ ಕೋಣೆಯೊಳಗೆ ನಡೆದುಹೋಗಿ ನೋಡಲು ಅವಕಾಶವಿದೆ. ಒಳಗೆ ಕಾಲಿಟ್ಟವರಲ್ಲಿ ಹೆಚ್ಚಿನವರು ತಲೆಯೆತ್ತಿ ನೋಡುತ್ತಾರೆ; ನನ್ನ ಸಲಹೆ, ಮೊದಲು ನೆಲವನ್ನು ನೋಡಿ.

ಈ ಬಗೆಯ ವಿಮಾನದ ನೆಲವೇ ಒಂದು ಯಂತ್ರ. ಉದ್ದಕ್ಕೂ ಸಾಲಾಗಿ ಕೂರುವ ರೋಲರ್‌ಗಳ ಮೇಲೆ ಪ್ಯಾಲೆಟ್‌ಗಳು ಉರುಳುತ್ತಾ ಬರುತ್ತವೆ. ಪ್ಯಾಲೆಟ್ ಎಂದರೆ 88 ಇಂಚು ಅಗಲ, 108 ಇಂಚು ಉದ್ದದ ಅಲ್ಯೂಮಿನಿಯಂ ಹಲಗೆ. ಅದರ ಮೇಲೆ ಸರಕನ್ನು ಜೋಡಿಸಿ ಬಲೆ ಹೊದಿಸಿ ಬಿಗಿದಿರುತ್ತಾರೆ. ಇಕ್ಕೆಲದ ಹಳಿಗಳಲ್ಲಿರುವ ಕೊಕ್ಕೆಗಳು ಪ್ಯಾಲೆಟ್‌ನ ಅಂಚನ್ನು ಕಚ್ಚಿಹಿಡಿದು, ವಿಮಾನ ಏರುವಾಗಲೂ ಇಳಿಯುವಾಗಲೂ ಅದು ಅಲುಗಾಡದಂತೆ ನೋಡಿಕೊಳ್ಳುತ್ತವೆ. ಯಾವ ಪ್ಯಾಲೆಟ್ ಮುಂದೆ, ಯಾವುದು ಹಿಂದೆ ಎಂದು ತೂಕ ಲೆಕ್ಕಹಾಕಿ ನಿಶ್ಚಯಿಸುವವರು ಲೋಡ್‌ಮಾಸ್ಟರ್. ಅವರ ಲೆಕ್ಕ ತಪ್ಪಿದರೆ ಪೈಲಟ್ ಎಷ್ಟು ಜಾಣನಾದರೂ ಪ್ರಯೋಜನವಿಲ್ಲ.

ಸೀಟುಗಳೂ ಸರಕೇ. ಜನರನ್ನು ಸಾಗಿಸಬೇಕಾದಾಗ ಸೀಟುಗಳ ಸಾಲನ್ನು ಪ್ಯಾಲೆಟ್‌ನ ಮೇಲೆ ಬಿಗಿದು ಹಾಗೆಯೇ ಒಳಗೆ ಉರುಳಿಸುತ್ತಿದ್ದರು. ರೋಗಿಗಳಿದ್ದರೆ ಕಂಬಗಳನ್ನು ನಿಲ್ಲಿಸಿ ಸ್ಟ್ರೆಚರ್‌ಗಳನ್ನು ಒಂದರ ಮೇಲೊಂದು ತೂಗುಹಾಕುತ್ತಿದ್ದರು. ಬೆಳಿಗ್ಗೆ ಸರಕು ಇಳಿಸಿದ ವಿಮಾನ ಮಧ್ಯಾಹ್ನದೊಳಗೆ ಆಸ್ಪತ್ರೆಯಾಗುತ್ತಿದ್ದುದು ಹೀಗೆ. ವಿಯೆಟ್ನಾಂ ಯುದ್ಧದ ವರ್ಷಗಳಲ್ಲಿ ಸಿ-141ಗಳು ಹೋಗುವಾಗ ಸೈನಿಕರನ್ನೂ ಸಾಮಗ್ರಿಯನ್ನೂ ಒಯ್ದು, ಬರುವಾಗ ಗಾಯಾಳುಗಳನ್ನೂ ಶವಪೆಟ್ಟಿಗೆಗಳನ್ನೂ ತಂದವು. 1973ರ ಸೆರೆಯಾಳುಗಳು ಕೂತದ್ದೂ ಇದೇ ನೆಲದ ಮೇಲೆ.

ಗೋಡೆಗಳತ್ತ ನೋಡಿದರೆ ಹೊದಿಕೆಯಿಲ್ಲದ ಪಕ್ಕೆಲುಬುಗಳು, ಕೊಳವೆಗಳು, ತಂತಿಗಳ ಕಟ್ಟುಗಳು ಕಾಣುತ್ತವೆ. ಕೋಣೆಯ ಅಗಲ ಸುಮಾರು 10 ಅಡಿ, ಎತ್ತರ 9 ಅಡಿ; ಹೊರಗಿನಿಂದ ಇಷ್ಟು ದೊಡ್ಡದಾಗಿ ಕಂಡ ವಿಮಾನ ಒಳಗೆ ಉದ್ದನೆಯ ಓಣಿಯಂತೆ ಅನಿಸುವುದು ಅದಕ್ಕೇ. ಅಡ್ಡಳತೆಯಲ್ಲಿ ಇದರ ಒಡಲು ಸಿ-130 ವಿಮಾನದ ಒಡಲಿನಷ್ಟೇ ಇದೆ. ಉದ್ದ ಮಾಡಲು ಸಾಧ್ಯವಾಯಿತು, ಅಗಲ ಮಾಡಲು ಆಗಲಿಲ್ಲ. ದೊಡ್ಡ ಟ್ಯಾಂಕುಗಳು ಇದರೊಳಗೆ ಎಂದೂ ಹಿಡಿಸಲಿಲ್ಲ.

ಬಿಳಿ ಮತ್ತು ಬೂದು ಬಣ್ಣ ಮೊದಲಿನಿಂದಲೂ ಇದ್ದದ್ದೇ?

1973ರಲ್ಲಿ ಇದ್ದದ್ದು ಇದೇ ಬಣ್ಣ: ಮೇಲ್ಭಾಗ ಬಿಳಿ, ಕೆಳಭಾಗ ಬೂದು. ನಡುವಿನ ವರ್ಷಗಳಲ್ಲಿ ಸಿ-141ಗಳಿಗೆ ಹಸಿರು-ಬೂದಿನ ಮರೆಬಣ್ಣ ಬಳಿದಿದ್ದರು. ಹಲ್ಲಿಯ ಮೈಯಂತೆ ಕಾಣುತ್ತಿದ್ದ ಅವುಗಳನ್ನು ಸಿಬ್ಬಂದಿ ‘ಸ್ಟಾರ್‌ಲಿಜರ್ಡ್’ ಎಂದು ಗೇಲಿ ಮಾಡುತ್ತಿದ್ದರು. ಕೊನೆಕೊನೆಗೆ ಪೂರ್ತಿ ಬೂದು ಬಣ್ಣ ಬಂತು. ಹನೋಯಿ ಟ್ಯಾಕ್ಸಿಗೆ ಮಾತ್ರ ಸೇವೆಯಲ್ಲಿದ್ದಾಗಲೇ ಹಳೆಯ ಬಿಳಿ-ಬೂದು ಬಣ್ಣವನ್ನು ಮರಳಿ ಬಳಿದರು. ಅಂದರೆ ಉದ್ದ 1980ರ ದಶಕದ್ದು, ಬಣ್ಣ 1973ರದ್ದು. ಎರಡೂ ಒಟ್ಟಿಗಿರುವ ಈ ನೋಟ ಹನೋಯಿಯಲ್ಲಿ ಯಾರಿಗೂ ಕಂಡಿರಲಿಲ್ಲ.

1973ರ ನಂತರ ಈ ವಿಮಾನ ಏನು ಮಾಡಿತು?

ಮಾಮೂಲಿ ಸರಕು ಸಾಗಣೆಯನ್ನು ಮುಂದುವರಿಸಿತು. ಕೊನೆಯ ವರ್ಷಗಳಲ್ಲಿ ಇದು ರೈಟ್-ಪ್ಯಾಟರ್ಸನ್‌ನಲ್ಲೇ ನೆಲೆಸಿದ್ದ, ವಾಯುಪಡೆಯ ಮೀಸಲು ವಿಭಾಗದ 445ನೇ ಏರ್‌ಲಿಫ್ಟ್ ವಿಂಗ್‌ನಲ್ಲಿತ್ತು.

2004ರ ಮೇ ತಿಂಗಳಲ್ಲಿ ಇದು ಮತ್ತೊಮ್ಮೆ ಹನೋಯಿಗೆ ಹೋಯಿತು. ಯುದ್ಧದಲ್ಲಿ ಮಡಿದ ಇಬ್ಬರು ಅಮೆರಿಕನ್ ಸೈನಿಕರ ಅವಶೇಷಗಳನ್ನು ತರುವ ಪ್ರಯಾಣ ಅದು. ವಿಮಾನ ನಡೆಸಿದವರು ಮೇಜರ್ ಜನರಲ್ ಎಡ್ವರ್ಡ್ ಮೆಕೆನ್‌ಬಿಯರ್. 1967ರಲ್ಲಿ ಉತ್ತರ ವಿಯೆಟ್ನಾಂನ ಮೇಲೆ ಅವರ ವಿಮಾನ ಉರುಳಿ, 1973ರವರೆಗೆ ಅವರೇ ಅಲ್ಲಿ ಸೆರೆಯಲ್ಲಿದ್ದವರು. ಕೈದಿಯಾಗಿ ಬಿಟ್ಟುಬಂದ ಊರಿಗೆ ಅವರು ಪೈಲಟ್ ಆಗಿ ಇಳಿದರು.

ಮರುವರ್ಷ, 2005ರಲ್ಲಿ, ಕತ್ರಿನಾ ಚಂಡಮಾರುತ ಅಪ್ಪಳಿಸಿದಾಗ ನ್ಯೂ ಆರ್ಲಿಯನ್ಸ್‌ನಿಂದ ರೋಗಿಗಳನ್ನು ತೆರವುಗೊಳಿಸಲು ಇದೇ ವಿಮಾನ ಹಾರಿತು. ಅಷ್ಟು ಹೊತ್ತಿಗೆ ಇದಕ್ಕೆ ಸುಮಾರು 38 ವರ್ಷ ವಯಸ್ಸಾಗಿತ್ತು.

ಇಷ್ಟು ಗಟ್ಟಿಯಿದ್ದ ವಿಮಾನಗಳನ್ನು ಏಕೆ ನಿಲ್ಲಿಸಿದರು?

ಹೊರಗೆ ಗಟ್ಟಿ, ಒಳಗೆ ದಣಿವು. ಪ್ರತಿ ಹಾರಾಟದಲ್ಲೂ ರೆಕ್ಕೆ ಸ್ವಲ್ಪ ಮೇಲೆ ಬಾಗಿ, ಇಳಿದ ಮೇಲೆ ಮತ್ತೆ ಕೆಳಕ್ಕೆ ಬರುತ್ತದೆ. ತಂತಿಯನ್ನು ಅತ್ತ ಇತ್ತ ಬಗ್ಗಿಸುತ್ತಿದ್ದರೆ ಕೊನೆಗೊಮ್ಮೆ ಮುರಿಯುವಂತೆ ಲೋಹಕ್ಕೂ ಬಳಲಿಕೆ ಇದೆ. ಸಿ-141ರ ರೆಕ್ಕೆಯೇ ಇಂಧನದ ಟ್ಯಾಂಕ್. ಅದರ ತಳದ ಪಟ್ಟಿಗಳಲ್ಲಿ ಇಂಧನ ಹರಿದುಹೋಗಲೆಂದು ಕೊರೆದ ಸಣ್ಣ ಸಣ್ಣ ತೂತುಗಳಿದ್ದವು. 1990ರ ದಶಕದ ಆರಂಭದಲ್ಲಿ ಆ ತೂತುಗಳ ಸುತ್ತ ಬಿರುಕುಗಳು ಕಾಣಿಸಿಕೊಂಡವು. ಹಲವು ವಿಮಾನಗಳನ್ನು ನೆಲಕ್ಕಿಳಿಸಿದರು, ಹಲವಕ್ಕೆ ಭಾರದ ಮಿತಿ ಹಾಕಿದರು. ದುರಸ್ತಿಗೆ ಹಿಡಿದ ದಾರಿ ವಿಶಿಷ್ಟವಾಗಿತ್ತು: ಬಿರುಕಿನ ಮೇಲೆ ಲೋಹದ ತುಂಡನ್ನು ರಿವೆಟ್ ಹೊಡೆದು ಕೂರಿಸುವ ಬದಲು, ಬೋರಾನ್ ಎಳೆಗಳ ತೇಪೆಯನ್ನು ಅಂಟಿನಿಂದ ಕೂರಿಸಿದರು. ರಿವೆಟ್ ಹೊಡೆದಿದ್ದರೆ ಇನ್ನಷ್ಟು ತೂತು ಕೊರೆಯಬೇಕಾಗುತ್ತಿತ್ತು, ರೋಗ ಶುರುವಾದದ್ದೇ ತೂತಿನಿಂದ.

ತೇಪೆ ಕೆಲಸ ಮಾಡಿತು, ಆದರೆ ವಿಮಾನದ ಉಳಿದ ಆಯುಷ್ಯ ಎಷ್ಟೆಂಬುದು ಎಲ್ಲರಿಗೂ ಗೊತ್ತಾಗಿತ್ತು. ಅಷ್ಟರಲ್ಲಿ ಸಿ-17 ಎಂಬ ಹೊಸ ಸಾಗಣೆ ವಿಮಾನ ಬಂತು. ಅದು ಅಗಲದ ಸರಕನ್ನೂ ಹೊರಬಲ್ಲದು, ಗಿಡ್ಡ ಓಡುದಾರಿಯಲ್ಲೂ ಇಳಿಯಬಲ್ಲದು. ಸಿ-141ಗಳು ಒಂದೊಂದಾಗಿ ಹಿಂದೆ ಸರಿದವು. 2006ರ ಮೇ 6ರಂದು ಹನೋಯಿ ಟ್ಯಾಕ್ಸಿ ರೈಟ್-ಪ್ಯಾಟರ್ಸನ್‌ನಲ್ಲಿ ಇಳಿದದ್ದೇ ಜಗತ್ತಿನಲ್ಲಿ ಸಿ-141 ವಿಮಾನವೊಂದರ ಕಟ್ಟಕಡೆಯ ಹಾರಾಟ. ಅದರ ಹಿಂದಿನ ದಿನ ಮಾಜಿ ಯುದ್ಧಕೈದಿಗಳನ್ನು ಕೂರಿಸಿಕೊಂಡು ಒಂದು ಸುತ್ತು ಹಾರಿ ಬಂದಿತ್ತು.

ಮನಸ್ಸು ಮಾಡಿದರೆ ಇದು ಮತ್ತೆ ಹಾರಬಲ್ಲದೇ?

ಇಲ್ಲ. ಈ ವಸ್ತುಸಂಗ್ರಹಾಲಯ ತನ್ನ ವಿಮಾನಗಳನ್ನು ಹಾರಿಸುವುದಿಲ್ಲ. ಹಾರಾಟಕ್ಕೆ ಯೋಗ್ಯವಾಗಿಡುವುದು ಬೇರೆ, ಕಾಪಿಡುವುದು ಬೇರೆ. ಹಾರಿಸಬೇಕೆಂದರೆ ಸವೆದ ಭಾಗವನ್ನು ಕಿತ್ತು ಹೊಸದನ್ನು ಹಾಕುತ್ತಲೇ ಇರಬೇಕು. ಕಾಪಿಡಬೇಕೆಂದರೆ ಸವೆದದ್ದನ್ನು ಸವೆದಂತೆಯೇ ಉಳಿಸಬೇಕು. ಮೇಲಾಗಿ ಬಿಡಿಭಾಗ ಒದಗಿಸುವ ವ್ಯವಸ್ಥೆಯೂ, ತರಬೇತಿ ಪಡೆದ ಸಿಬ್ಬಂದಿಯೂ ಈಗಿಲ್ಲ.

ಹೊರಗೆ ಬಯಲಲ್ಲೇ ಇಟ್ಟಿದ್ದರೆ ಏನಾಗುತ್ತಿತ್ತು?

ಕೆಲವು ವರ್ಷ ಬಯಲಲ್ಲೇ ಇತ್ತು. ನಿವೃತ್ತಿಯ ನಂತರ ಇದನ್ನು ವಸ್ತುಸಂಗ್ರಹಾಲಯದ ಹೊರಾಂಗಣದಲ್ಲಿ ನಿಲ್ಲಿಸಿದ್ದರು. 2016ರ ಜೂನ್‌ನಲ್ಲಿ ಸಾರ್ವಜನಿಕರಿಗೆ ತೆರೆದ ನಾಲ್ಕನೆಯ ಕಟ್ಟಡದಲ್ಲಿ ಇದಕ್ಕೆ ಸೂರು ಸಿಕ್ಕಿತು. 2,24,000 ಚದರಡಿಯ ಆ ಕಟ್ಟಡ ಎದ್ದದ್ದು ಖಾಸಗಿ ದೇಣಿಗೆಯಿಂದ.

ದೊಡ್ಡ ವಿಮಾನಗಳ ಪಾಡು ಆನೆ ಸಾಕಿದವರ ಪಾಡಿನಂತೆ. ತರುವುದು ಸುಲಭ, ಕಟ್ಟಲು ಜಾಗವಿಲ್ಲ. ಬಿಸಿಲಿಗೆ ಕಿಟಕಿಯ ಅಕ್ರಿಲಿಕ್ ಮಂಜಾಗಿ ಬಿರುಕುಬಿಡುತ್ತದೆ, ಟೈರಿನ ರಬ್ಬರು ಒಡೆಯುತ್ತದೆ, ಬಣ್ಣ ಪುಡಿಯುದುರುತ್ತದೆ. ಮಳೆಹಿಮದ ನೀರು ಎರಡು ತಗಡು ಸೇರುವ ಸಂದಿನೊಳಗೆ ಇಳಿದು ಕೂತರೆ ಅಲ್ಯೂಮಿನಿಯಂ ಒಳಗಿನಿಂದಲೇ ಬಿಳಿ ಪುಡಿಯಾಗಿ ಉಬ್ಬುತ್ತದೆ. ಹೊರಗಿನಿಂದ ನೋಡಿದವರಿಗೆ ತಗಡು ಉಬ್ಬಿದ ಮೇಲಷ್ಟೇ ಗೊತ್ತಾಗುತ್ತದೆ. ಇವೆಲ್ಲದರ ಮೇಲೆ ಹಕ್ಕಿಗಳು. ಎಂಜಿನ್‌ನ ಬಾಯಿ, ಗಾಲಿಯ ಗೂಡು, ಬಾಲದ ಸಂದು ಇವು ಗೂಡು ಕಟ್ಟುವವಕ್ಕೆ ಹೇಳಿ ಮಾಡಿಸಿದ ಜಾಗಗಳು, ಮತ್ತು ಹಕ್ಕಿಯ ಹಿಕ್ಕೆ ಲೋಹವನ್ನು ತಿನ್ನುತ್ತದೆ. ಬಯಲಲ್ಲಿಟ್ಟ ವಿಮಾನವನ್ನು ನೋಡಿ ‘ಚೆನ್ನಾಗಿಯೇ ಇದೆಯಲ್ಲ’ ಎನ್ನುವವರು ಸಾಮಾನ್ಯವಾಗಿ ಬಣ್ಣವನ್ನಷ್ಟೇ ನೋಡಿರುತ್ತಾರೆ.

ಸೆರೆಮನೆ ಮತ್ತು ಬಿಡುಗಡೆಯ ಕಥೆಯಲ್ಲಿ ವಿಯೆಟ್ನಾಮೀಯರ ಪಾಲು ಎಲ್ಲಿದೆ?

ಈ ಪ್ರಶ್ನೆ ನ್ಯಾಯವಾದದ್ದು. ಇದು ಅಮೆರಿಕ ವಾಯುಪಡೆಯ ಸಂಗ್ರಹಾಲಯ. ಕಥೆಯನ್ನು ಅದು ತನ್ನ ಕಡೆಯಿಂದ ಹೇಳುತ್ತದೆ. ಒಪ್ಪಂದಕ್ಕೆ ಒಂದು ತಿಂಗಳು ಮೊದಲು, 1972ರ ಡಿಸೆಂಬರ್ 18ರಿಂದ 29ರವರೆಗೆ, ಬಿ-52 ವಿಮಾನಗಳು ಹನೋಯಿ ಮತ್ತು ಹೈಫಾಂಗ್ ಮೇಲೆ ಬಾಂಬು ಸುರಿದಿದ್ದವು. ಅದೇ ಸಂಗ್ರಹಾಲಯದ ಆಗ್ನೇಯ ಏಷ್ಯಾ ಯುದ್ಧದ ವಿಭಾಗದಲ್ಲಿ ಒಂದು ಬಿ-52ಡಿ ಕೂಡ ನಿಂತಿದೆ. ಹನೋಯಿ ಟ್ಯಾಕ್ಸಿಯನ್ನು ನೋಡುವ ಮೊದಲೋ ಆಮೇಲೋ ಅದರ ಕೆಳಗೂ ಒಮ್ಮೆ ನಿಂತು ಬರುವುದು ಒಳ್ಳೆಯದು. ಎರಡೂ ಒಂದೇ ಊರಿಗೆ, ಎರಡು ತಿಂಗಳೊಳಗೆ ಹೋದ ಬಗೆಯ ವಿಮಾನಗಳು.

ಬೇರೆ ಸಿ-141ಗಳು ಎಲ್ಲಾದರೂ ಉಳಿದಿವೆಯೇ?

ಉಳಿದಿವೆ, ಆದರೆ ಹೆಚ್ಚಿನವು ಗುಜರಿಗೆ ಹೋದವು. ಮೊಟ್ಟಮೊದಲು ಹಾರಿದ ಸಿ-141, ಅಂದರೆ 61-2775, ಡೆಲವೇರ್ ರಾಜ್ಯದ ಡೋವರ್‌ನಲ್ಲಿರುವ ಏರ್ ಮೊಬಿಲಿಟಿ ಕಮಾಂಡ್ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಉದ್ದ ಮಾಡಿರಲಿಲ್ಲ. 1973ರಲ್ಲಿ ಹನೋಯಿ ಟ್ಯಾಕ್ಸಿ ಹೇಗೆ ಕಾಣುತ್ತಿತ್ತು ಎಂಬ ಕುತೂಹಲವಿದ್ದವರು ಅದನ್ನು ನೋಡಬೇಕು. ಸೇವೆಗೆ ಸೇರಿದ ಮೊದಲ ಸಿ-141, ‘ಗೋಲ್ಡನ್ ಬೇರ್’, ಕ್ಯಾಲಿಫೋರ್ನಿಯಾದ ಟ್ರಾವಿಸ್ ವಾಯುನೆಲೆಯಲ್ಲಿದೆ. ಇವುಗಳ ಜೊತೆಗೆ ನೆನೆಯಬೇಕಾದದ್ದು ನಾಸಾ ಬಳಸಿದ ಒಂದು ವಿಮಾನ: ದೂರದರ್ಶಕ ಅಳವಡಿಸಿದ ಆ ಕೈಪರ್ ಹಾರುವ ವೀಕ್ಷಣಾಲಯದಿಂದಲೇ 1977ರ ಮಾರ್ಚ್ 10ರಂದು ಯುರೇನಸ್ ಗ್ರಹದ ಬಳೆಗಳು ಪತ್ತೆಯಾದವು.

ಪ್ರವೇಶ ಶುಲ್ಕ, ಸಮಯ?

ಪ್ರವೇಶ ಉಚಿತ. ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ತೆರೆದಿರುತ್ತದೆ. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್ಮಸ್ ಮತ್ತು ಹೊಸವರ್ಷದ ದಿನ ರಜೆ. ನಾಲ್ಕನೆಯ ಕಟ್ಟಡ ಪ್ರವೇಶದ್ವಾರದಿಂದ ಅತ್ತ ಕೊನೆಯಲ್ಲಿರುವುದರಿಂದ, ಮೊದಲ ಮೂರು ಕಟ್ಟಡಗಳಲ್ಲಿ ಹೊತ್ತು ಕಳೆದು ಅಲ್ಲಿಗೆ ತಲುಪುವಷ್ಟರಲ್ಲಿ ಕಾಲು ಸೋತಿರುತ್ತದೆ. ಹನೋಯಿ ಟ್ಯಾಕ್ಸಿಗೆಂದೇ ಬಂದವರು ಮೊದಲು ನೇರವಾಗಿ ಅಲ್ಲಿಗೆ ನಡೆದು, ಉಳಿದದ್ದನ್ನು ವಾಪಸು ಬರುತ್ತಾ ನೋಡುವುದು ಲೇಸು.